ನಾಗರಾಜಪ್ಪ ಕೇಳದೇ ಬಿಟ್ಟ ಪ್ರಶ್ನೆ

ನಾಗರಾಜಪ್ಪನವರನ್ನು ಯಾರಾದರೂ ದಲ್ಲಾಳಿ ಎಂದರೆ ನನಗೆ ಈಗಲೂ ಮೈ ಉರಿಯುತ್ತದೆ. ದಲ್ಲಾಳಿಗಳನ್ನು ನಾನು ನೋಡಿಲ್ಲವೇ? ಅರವತ್ತರ ಆ ವರ್ಷಗಳಲ್ಲಿ ಅಣೆಕಟ್ಟಿನ ಕೆಲಸ, ಗಿರಣಿ ಕೆಲಸ ಎಂದು ಹೇಳಿ ಜನರನ್ನು ಲಾರಿಗೆ ತುಂಬಿ, ಇಳಿಸಿದ ಮೇಲೆ ತಿರುಗಿಯೂ ನೋಡದೆ ಹೋಗುವವರು ನಮ್ಮ ಕಡೆ ಬೇಕಾದಷ್ಟು ಇದ್ದರು. ನಾಗರಾಜಪ್ಪ ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಒಂದು ಖಾಸಗಿ ಬಸ್ಸಿನ ಏಜೆಂಟರು. ಟಿಕೆಟ್ ಕೊಡುವುದು, ಬಸ್ಸಿನ ನೆತ್ತಿಗೆ ಮೂಟೆ ಹತ್ತಿಸುವುದು ಅವರ ಉದ್ಯೋಗ. ಸಾಗರದಿಂದ ತೀರ್ಥಹಳ್ಳಿಯವರೆಗೆ ಯಾರಿಗೆ ಆಳು ಬೇಕು, ಯಾರಿಗೆ ಕೆಲಸ ಬೇಕು ಎಂಬುದೆಲ್ಲ ಅವರ ಕಿಟಕಿಯ ಮುಂದೆಯೇ ಹಾದುಹೋಗುತ್ತಿತ್ತು. ಹಾಗೆ ಒಬ್ಬರನ್ನು ಇನ್ನೊಬ್ಬರಿಗೆ ಗಂಟು ಹಾಕುವುದು ಅವರಿಗೆ ಅಭ್ಯಾಸವಾಗಿಹೋಯಿತು.

ಅವರ ರೀತಿಯೇ ಬೇರೆ. ಆಳು ಬೇಕು ಎಂದವರ ಮನೆಗೋ ಹೋಟೆಲಿಗೋ ಮೊದಲು ತಾವೇ ಹೋಗಿ ಒಂದು ಊಟ ಮಾಡುತ್ತಿದ್ದರು. ಯಜಮಾನರ ಪಂಕ್ತಿಯಲ್ಲಲ್ಲ, ಕೆಲಸದವರ ಜೊತೆಗೆ. ಅವರು ಮಲಗುವ ಜಾಗ ನೋಡುತ್ತಿದ್ದರು. ಸಾಗರದ ಒಬ್ಬ ಗಿರಣಿ ಸಾಹುಕಾರರು ಎಷ್ಟು ಬಾರಿ ಹೇಳಿ ಕಳಿಸಿದರೂ ಅಲ್ಲಿಗೆ ಒಬ್ಬರನ್ನೂ ಸೇರಿಸಲಿಲ್ಲ. ಯಾಕೆ ಎಂದು ಕೇಳಿದರೆ, "ಊಟಕ್ಕೆ ಕೂತಾಗ ಅಲ್ಲಿ ಯಾರೂ ಮಾತಾಡ್ಲಿಲ್ಲ ಕಣ್ರೀ. ಅನ್ನ ಉಣ್ಣೋವಾಗ್ಲೂ ಬಾಗ್ಲ ಕಡೆ ನೋಡ್ತಿದ್ರು" ಎಂದರಂತೆ. ಕೆಲಸ ಹುಡುಕಿ ಬಂದವರಿಂದ ಅವರು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಆಳು ಪಡೆದವರು ಏನಾದರೂ ಕೊಡಲು ಬಂದರೆ, "ಮೊದ್ಲು ಒಂದು ಮಳೆಗಾಲ ಕಳೀಲಿ. ಮಳೆಗಾಲ ನಿಂತೋರು ಮುಂದೂ ನಿಲ್ತಾರೆ" ಎನ್ನುತ್ತಿದ್ದರು.

ಇಂಥವರ ಕಿಟಕಿಯ ಮುಂದೆ ನನ್ನ ಅಮ್ಮ ಜಿನಮ್ಮ ನನ್ನ ಕೈ ಹಿಡಿದು ನಿಂತದ್ದು ಅರವತ್ತಮೂರರ ಬೇಸಿಗೆಯಲ್ಲಿ. ನಾವು ಹುಂಚದ ಜೈನರು. ಅಪ್ಪ ತೀರಿಕೊಂಡ ಮೇಲೆ ಸೋದರಮಾವನ ಮನೆಯಲ್ಲಿದ್ದೆವು. ನಾನು ಏಳನೇ ಕ್ಲಾಸು ಪಾಸಾದಾಗ ಮಾವ, ಜ್ವಾಲಾಮಾಲಿನಿಗೆ ಇಷ್ಟು ಓದು ಧಾರಾಳವಾಯಿತು ಎಂದುಬಿಟ್ಟರು. ಅವರು ಕೆಟ್ಟವರಲ್ಲ. ಅವರ ಮನೆಯಲ್ಲೂ ಮೂವರು ಮಕ್ಕಳಿದ್ದರು. ಆದರೆ ನಾನು ಹೈಸ್ಕೂಲು ಸೇರಲೇಬೇಕು ಎಂದು ಅಮ್ಮ ಹಟ ಹಿಡಿದರು. ಅದಕ್ಕೆ ತೀರ್ಥಹಳ್ಳಿಯಲ್ಲಿ ಇಬ್ಬರಿಗೂ ನೆಲೆಯಾಗುವ ಒಂದು ಕೆಲಸ ಬೇಕಿತ್ತು. ಅಮ್ಮನಿಗೆ ಗೊತ್ತಿದ್ದ ವಿದ್ಯೆ ಅಡುಗೆಯೊಂದೇ.

ನಾಗರಾಜಪ್ಪ ಅಮ್ಮನನ್ನು ಒಳಗೆ ಮೂಟೆಯ ಮೇಲೆ ಕೂರಿಸಿ ವಿಚಾರಿಸಿದ್ದೇ ವಿಚಾರಿಸಿದ್ದು. ಒಲೆ ಮೇಲಿಂದ ದೊಡ್ಡ ಚರಿಗೆ ಇಳಿಸೋಕೆ ಸೊಂಟ ತಡೆಯುತ್ತಾ, ಬೆಳಗಿನ ಜಾವ ಏಳ್ತೀರಾ, ಹುಡುಗ್ರು ಗಲಾಟೆ ಮಾಡಿದ್ರೆ ಸಿಟ್ಟು ಬರುತ್ತಾ. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮಮ್ಮಂಗೆ ಸಿಟ್ಟು ಬರುತ್ತೇನೇ?" ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಅಮ್ಮ ನನ್ನನ್ನು ಗುರಾಯಿಸಿದರು. ನಾಗರಾಜಪ್ಪ ನಕ್ಕು, "ಈರುಳ್ಳಿ ಬೆಳ್ಳುಳ್ಳಿ ನಿಮ್ಗೆ ಆಗಲ್ಲ. ಅದಿಲ್ಲದ ಅಡಿಗೆಮನೆ ಹುಡುಕ್ಬೇಕು. ಸ್ವಲ್ಪ ತಡ ಆಗುತ್ತೆ, ಕಾಯ್ತೀರಾ?" ಎಂದು ಕೇಳಿದರು.

ಹದಿನೈದು ದಿನದಲ್ಲಿ ಹೇಳಿ ಕಳಿಸಿದರು. ತೀರ್ಥಹಳ್ಳಿಯ ಒಂದು ವಿದ್ಯಾರ್ಥಿನಿಲಯ. ಅಡುಗೆಗೆ ಈರುಳ್ಳಿ ಬೆಳ್ಳುಳ್ಳಿ ಸೋಕಿಸುವಂತಿಲ್ಲ. ಹಿತ್ತಲ ಕಡೆ ನಮಗೊಂದು ಕೋಣೆ. ಮೇಲ್ವಿಚಾರಕರು ವಿಘ್ನೇಶ್ವರ ಭಟ್ಟರು, ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ತಮ್ಮ ಹುಡುಕಾಟದ ಬಗ್ಗೆ ನಾಗರಾಜಪ್ಪನವರಿಗೆ ಎಷ್ಟು ಹೆಮ್ಮೆಯಿತ್ತೆಂದರೆ, ನಮ್ಮನ್ನು ಕರೆದುಕೊಂಡು ಹೋದ ದಿನ ಬಸ್ಸಿನಲ್ಲಿ ಅಕ್ಕಪಕ್ಕದವರಿಗೆಲ್ಲ ಅದನ್ನೇ ಹೇಳಿದರು.

ಮಧ್ಯಾಹ್ನದ ಅಡುಗೆಯನ್ನು ಹುಡುಗರು ಮೊದಲ ದಿನದಿಂದಲೇ ಕೇಳಿ ಕೇಳಿ ಬಡಿಸಿಕೊಂಡರು. ರಾತ್ರಿಯದೇ ಕಷ್ಟ. ಭಟ್ಟರು ಉಗ್ರಾಣದ ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡಿರುತ್ತಿದ್ದರು. ಹಿಂದಿನ ಅಡುಗೆಯವನು ಅಕ್ಕಿ ಬೇಳೆ ಮಾರಿಕೊಂಡು ಪರಾರಿಯಾಗಿದ್ದನಂತೆ. ಹಾಗಾಗಿ ರಾತ್ರಿಯ ಸಾಮಾನನ್ನು ಅವರು ಶಾಲೆ, ಮನೆಪಾಠ ಎಲ್ಲ ಮುಗಿಸಿ ಬಂದು ಸಂಜೆಯೇ ಅಳೆದು ಕೊಡುತ್ತಿದ್ದರು. ಹುಳಿ ಕುದಿಯುವ ಹೊತ್ತಿಗೆ ಹೊರಗೆ ಕತ್ತಲಾಗಿರುತ್ತಿತ್ತು. ನಮ್ಮ ಜೈನರ ನೇಮದಂತೆ ಹೊತ್ತು ಮುಳುಗಿದ ಮೇಲೆ ಅಮ್ಮನೂ ನಾನೂ ಬಾಯಿಗೆ ಏನನ್ನೂ ಇಡುವವರಲ್ಲ. ಉಪ್ಪು ನೋಡಲೆಂದು ಒಂದು ಹನಿಯೂ ಇಲ್ಲ. ಮನೆಯ ಪಾತ್ರೆಯಾದರೆ ಕೈ ಅಳತೆಯಲ್ಲೇ ಹದ ಬರುತ್ತಿತ್ತು. ಆ ಹಂಡೆಯಂಥ ಚರಿಗೆಯಲ್ಲಿ ಕೈ ಅಳತೆ ಸೋತಿತು. ಒಂದು ರಾತ್ರಿ ಹುಳಿ ಸಪ್ಪೆ, ಮರುರಾತ್ರಿ ಉಪ್ಪಿನಕಾಯಿಯಷ್ಟು ಉಪ್ಪು.

ಹಗಲಲ್ಲಿ ಅಷ್ಟು ಚೆನ್ನಾಗಿ ಮಾಡುವವಳು ರಾತ್ರಿ ಬೇಕೆಂದೇ ಕೆಡಿಸುತ್ತಾಳೆ ಎಂದು ಭಟ್ಟರು ತಿಳಿದರು. "ಭಟ್ರಿಗೆ ಹೇಳಮ್ಮ" ಎಂದು ನಾನು ಗೋಗರೆದೆ. "ಅಷ್ಟು ಮುತುವರ್ಜಿಯಿಂದ ಹುಡ್ಕಿ ಕೊಟ್ರಲ್ಲ ನಾಗರಾಜಪ್ಪ. ಈಗ ಇನ್ನೊಂದು ತಕರಾರು ತೆಗೆದ್ರೆ ಅವ್ರ ಮುಖ ಏನಾಗುತ್ತೆ?" ಎಂದರು ಅಮ್ಮ. ಅಮ್ಮನ ಈ ದಾಕ್ಷಿಣ್ಯದಿಂದ ನನಗೆ ಬೆಂಕಿ ಹಚ್ಚಿದಂತಾಗುತ್ತಿತ್ತು. ಕೆಲಸ ಹೋದರೆ ಕೋಣೆ ಹೋಗುತ್ತದೆ, ಕೋಣೆ ಹೋದರೆ ಹೈಸ್ಕೂಲು ಹೋಗುತ್ತದೆ. ಹೊಸ ಪುಸ್ತಕಗಳಿಗೆ ನಾನು ಆಗಲೇ ರಟ್ಟು ಹಾಕಿ ಹೆಸರು ಬರೆದುಕೊಂಡಿದ್ದೆ.

ಆಷಾಢದಲ್ಲಿ ಒಂದು ದಿನ ನಾಗರಾಜಪ್ಪ ಮಧ್ಯಾಹ್ನದ ಬಸ್ಸಿಗೆ ಬಂದಿಳಿದರು. ಸೇರಿಸಿದ ಮೇಲೆ ಒಮ್ಮೆ ಬಂದು ನೋಡುವುದೂ ಅವರ ಪದ್ಧತಿಯೇ. ಉಳಿದಿದ್ದ ಅನ್ನ ಸಾರು ಉಂಡು ಬಾಯಿತುಂಬ ಹೊಗಳಿದರು. ಸಂಜೆ ಭಟ್ಟರು ಬಂದವರೇ ಉಗ್ರಾಣ ತೆಗೆದು ಸಾಮಾನು ಕೊಟ್ಟು, ಜಗಲಿಯಲ್ಲಿ ಅವರನ್ನು ಕೂರಿಸಿಕೊಂಡು, ರಾತ್ರಿಯ ಅಡುಗೆಯ ದೂರು ಹೇಳಿ, ಇನ್ನು ಬೇರೆಯವರನ್ನು ನೋಡಿ ಎಂದರು. ಅಡುಗೆಮನೆಯಲ್ಲಿದ್ದ ನಮಗೂ ಕೇಳಿಸಿತು.

ಅಮ್ಮ ಬೇಳೆ ಬೇಯಿಸಿದರು, ತರಕಾರಿ ಹಾಕಿದರು. ಲಾಟೀನು ಹಚ್ಚಿ ಆಗಿತ್ತು. ಹುಳಿ ಕುದಿಯಿತು. ಆಗ ಅವರು ಸೌಟಿನಲ್ಲಿ ಒಂದಿಷ್ಟು ಹುಳಿ ತೆಗೆದು ಆರಲೆಂದು ಊದಿದರು. ಏನು ಮಾಡುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಬೇಡ ಎನ್ನಬೇಕಿತ್ತು, ಸೌಟನ್ನೇ ನೋಡುತ್ತ ನಿಂತೆ. ಅಮ್ಮ ನನ್ನ ಮುಖ ನೋಡಿ, ಹುಳಿಯನ್ನು ಅಂಗೈಗೆ ಬಿಟ್ಟುಕೊಂಡು ಬಾಯಿಯ ಹತ್ತಿರ ತಂದರು.

"ಜಿನಮ್ಮ, ಕೈ ಇಳ್ಸಿ."

ನಾಗರಾಜಪ್ಪ ಹೊಸಿಲ ಆಚೆ ನಿಂತಿದ್ದರು. ಅಮ್ಮ ಕೈ ಇಳಿಸಿದರು, ಹುಳಿ ನೆಲಕ್ಕೆ ಚೆಲ್ಲಿತು. ನಾಗರಾಜಪ್ಪ ಒಮ್ಮೆ ಲಾಟೀನು ನೋಡಿದರು, ಒಮ್ಮೆ ಕಿಟಕಿಯಾಚೆಯ ಕತ್ತಲು ನೋಡಿದರು. ಆಮೇಲೆ ಹಣೆ ಚಚ್ಚಿಕೊಂಡು ಹೊಸಿಲ ಮೇಲೇ ಕುಕ್ಕರಿಸಿದರು.

"ಈರುಳ್ಳಿ ಕೇಳ್ದೆ, ಬೆಳ್ಳುಳ್ಳಿ ಕೇಳ್ದೆ, ಸೊಂಟ ಕೇಳ್ದೆ. ಹೊತ್ತು ಮುಳುಗೋದನ್ನ ಕೇಳ್ಲೇ ಇಲ್ಲ. ಹುಂಚದ ಬಸ್ಸಿಗೆ ಎಷ್ಟು ವರ್ಷದಿಂದ ಟಿಕೆಟ್ ಕೊಡ್ತಿದೀನಿ. ಸಂಜೆ ಆಗೋ ಮುಂಚೆ ಬುತ್ತಿ ಬಿಚ್ಚಿ ಉಂಡು ಕೈ ತೊಳ್ಕೊಳ್ಳೋರನ್ನ ದಿನಾ ನೋಡ್ತೀನಿ. ನಂಗೇ ಹೊಳೀಲಿಲ್ಲ."

"ನಂಗೆ ಈ ಕೆಲ್ಸ ಬೇಕೇ ಬೇಕು, ನಾಗರಾಜಪ್ಪೋರೆ" ಎಂದರು ಅಮ್ಮ.

"ಕೆಲ್ಸ ಇರ್ಲಿ. ಕೆಲ್ಸ ಕೊಡ್ಸಿದ್ದು ನಿಮ್ಮ ನೇಮ ಬಿಡ್ಸೋಕಲ್ಲ."

ಅವರು ಜಗಲಿಗೆ ಹೋದರು. ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡೆ. ತಪ್ಪು ನನ್ನದು ಭಟ್ರೆ, ಆಯಮ್ಮಂದಲ್ಲ ಎಂದೇ ಅವರು ಮಾತು ಶುರು ಮಾಡಿದ್ದು. ರಾತ್ರಿಯ ಸಾಮಾನನ್ನೂ ಬೆಳಿಗ್ಗೆಯೇ ಕೊಟ್ಟುಬಿಡಿ, ಬೆಳಕಿರುವಾಗ ಹುಳಿ ಮಾಡಿ ಉಪ್ಪು ನೋಡಿಡುತ್ತಾರೆ, ಉಣ್ಣುವ ಹೊತ್ತಿಗೆ ಬಿಸಿ ಮಾಡಿದರಾಯಿತು ಎಂದರು.

"ಎಲ್ಲ ಒಟ್ಟಿಗೆ ಕೊಟ್ಟು ಹಿಂದಿನವನ ಕೈಲಿ ಕೆಟ್ಟಿದೀನಪ್ಪ" ಎಂದರು ಭಟ್ಟರು.

"ಹಿಂದಿನವನ್ನ ನಾನು ಕಳ್ಸಿರ್ಲಿಲ್ಲ."

ಭಟ್ಟರು ಜನಿವಾರದ ಬೀಗದ ಕೈಯನ್ನು ಬೆರಳಲ್ಲಿ ತಿರುವಿದರು.

"ಒಂದು ಮಳೆಗಾಲ ನೋಡಿ. ಆಗ್ಲಿಲ್ಲ ಅಂದ್ರೆ ಬೇರೆಯವ್ರನ್ನ ನಾನೇ ತಂದು ಬಿಡ್ತೀನಿ. ಇವ್ರಿಬ್ರನ್ನೂ ನಮ್ಮನೆಗೆ ಕರ್ಕೊಂಡು ಹೋಗ್ತೀನಿ. ಬೇರೆ ಕೆಲ್ಸ ಸಿಗೋವರೆಗೂ ಅಲ್ಲೇ ಇರ್ತಾರೆ."

ಮರುದಿನ ಬೆಳಿಗ್ಗೆ ಭಟ್ಟರು ಎರಡು ಹೊತ್ತಿನ ಸಾಮಾನನ್ನೂ ಅಳೆದು ಕೊಟ್ಟರು. ಸಂಜೆಯ ಬೆಳಕಿನಲ್ಲಿ ಅಮ್ಮ ಹುಳಿಯ ರುಚಿ ನೋಡಿ, ತಾವೂ ಉಂಡು ಎಲೆ ತೆಗೆದ ಮೇಲೆ ಉಳಿದ ಕೆಲಸಕ್ಕೆ ಕೈ ಹಾಕಿದರು. ಮಳೆಗಾಲ ಕಳೆದ ಮೇಲೆ ಭಟ್ಟರೇ ಹೊಸನಗರಕ್ಕೆ ಹೋಗಿ ನಾಗರಾಜಪ್ಪನವರಿಗೆ ಪಂಚೆ ಕೊಟ್ಟು ಬಂದರು. ಬೀಗದ ಕೈ ಜನಿವಾರ ಬಿಟ್ಟು ಅಡುಗೆಮನೆಯ ಗೂಟಕ್ಕೆ ಬಂದದ್ದು ಯಾವಾಗ ಎಂದು ನನಗೆ ನೆನಪಿಲ್ಲ. ಹುಡುಗರು ಅಮ್ಮನನ್ನು ಅಮ್ಮ ಎಂದೇ ಕರೆಯತೊಡಗಿದರು. ನನಗೆ ಅದು ಸ್ವಲ್ಪವೂ ಹಿಡಿಸುತ್ತಿರಲಿಲ್ಲ.

ನಾನು ಎಸ್ಸೆಸ್ಸೆಲ್ಸಿ ಪಾಸಾದದ್ದು ಅರವತ್ತಾರರಲ್ಲಿ. ನನಗೂ ಒಂದು ಕೆಲಸ ನೋಡುತ್ತೇನೆ ಎಂದು ಹೇಳಿಹೋದ ನಾಗರಾಜಪ್ಪನವರದು ಆರೇಳು ತಿಂಗಳು ಸುದ್ದಿಯೇ ಇಲ್ಲ. ಹತ್ತಿರದ ಹಳ್ಳಿ ಮೇಳಿಗೆಯಲ್ಲಿ ಶಿಶುವಿಹಾರ ತೆರೆಯುತ್ತಾರೆ, ಟೀಚರು ಬೇಕಂತೆ ಎಂದು ನನಗೆ ಬೇರೆ ಕಡೆಯಿಂದ ತಿಳಿಯಿತು. ಅವರಿಗೆ ವಯಸ್ಸಾಯಿತು, ನಮ್ಮನ್ನು ಮರೆತರು ಎಂದು ಅಮ್ಮನ ಹತ್ತಿರ ರೇಗಾಡಿದೆ.

ಮಾರ್ಗಶಿರದ ಒಂದು ಸಂಜೆ ಅವರು ಹಿತ್ತಲ ಬಾಗಿಲಿಗೆ ಬಂದು ನಿಂತರು. ಅಮ್ಮ ಎಲೆಯ ಮುಂದೆ ಕೂತಿದ್ದರು. ಏಳಬೇಡಿ ಎಂದು ಕೈಸನ್ನೆ ಮಾಡಿ ಮೆಟ್ಟಿಲ ಮೇಲೆ ಕುಳಿತರು.

"ಮೇಳಿಗೆ ಕೆಲ್ಸ ನಿಂದೇ ಕಣೇ. ಮಾತಾಡಿ ಆಗಿದೆ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?" ನನ್ನ ದನಿ ಒರಟಾಗಿಯೇ ಇತ್ತು.

"ಹೊತ್ತು ಬೇಗ ಮುಳುಗೋ ಕಾಲ ಬರ್ಲಿ ಅಂತ ಕಾದೆ. ನಾಲ್ಕಕ್ಕೆ ಮಕ್ಕಳನ್ನ ಬಿಡ್ತಾರೆ, ಆಮೇಲೊಂದು ಬಸ್ಸಿದೆ. ನೀನು ಬಂದು ಉಣ್ಣೋಕೆ ಹೊತ್ತಿರುತ್ತಾ ಅಂತ ಇವತ್ತು ನಾನೇ ಅದ್ರಲ್ಲಿ ಕೂತು ಬಂದೆ." ಅವರು ಅಮ್ಮನ ಎಲೆಯ ಕಡೆ ನೋಡಿದರು. "ಇಳಿದಾಗ ಇನ್ನೂ ಬಿಸ್ಲಿತ್ತು."