ಹಾರ್ನ್ ಹಾಕಿದ ಮೇಲೆ ಬ್ರೇಕ್ ಎಂತಕ್ಕೆ

ಕೊಪ್ಪದ ನಮ್ಮ ಬಡಾವಣೆಯಲ್ಲಿ ಒಂದು ಏರುದಾರಿ ಸಮತಟ್ಟಿನ ರಸ್ತೆಯನ್ನು ಅಡ್ಡ ಹಾಯುತ್ತಿತ್ತು. ಘಾಟಿಯ ಅಭ್ಯಾಸವೇ ಅಲ್ಲಿನ ಕಾನೂನು. ಏರಿ ಬರುವವನು ನಿಲ್ಲಿಸುವುದಿಲ್ಲ, ಉಳಿದವರು ಹಾರ್ನ್ ಹಾಕಿಕೊಂಡು ನುಗ್ಗುತ್ತಾರೆ. ಮೂಲೆಮನೆಯ ಅಜ್ಜಿ ಹಾಲು ತರಲು ಸಮತಟ್ಟಿನ ರಸ್ತೆಯನ್ನು ದಾಟುವಾಗ ಸ್ಕೂಟರೊಂದು ಅವರ ಸೆರಗನ್ನು ಸವರಿಕೊಂಡು ಹೋಯಿತು. ಅಂದು ಸಂಜೆ ಬೀದಿಯವರು ನಮ್ಮ ಜಗಲಿಯಲ್ಲಿ ಸೇರಿದರು.

‘ಹಾರ್ನ್ ಮಾಡಿ’ ಎಂದು ಒಂದು ಬೋರ್ಡು ಹಾಕಿಸೋಣ ಎಂದರು ಎದುರುಮನೆಯ ಜೀಪಿನ ಯಜಮಾನರು. ಎಲ್ಲರೂ ತಲೆಯಾಡಿಸಿದರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ್ದ ನನಗೆ ಆ ಒಮ್ಮತವೇ ಅನುಮಾನ ಹುಟ್ಟಿಸಿತು.

“ಅಜ್ಜಿಗೆ ಕಿವಿ ಕೇಳೋದಿಲ್ಲ. ಹಾರ್ನ್ ಯಾರಿಗೆ?” ಎಂದೆ.

“ಎದುರು ಬರೋ ಗಾಡಿಗೆ ಮಾರಾಯ.”

“ಸರಿ, ಹಾರ್ನ್ ಹಾಕಿದ ಮೇಲೆ ನೀವು ಬ್ರೇಕ್ ಹಾಕ್ತೀರಾ?”

“ಹಾರ್ನ್ ಹಾಕಿದ ಮೇಲೆ ಬ್ರೇಕ್ ಎಂತಕ್ಕೆ?”

ಜಗಲಿಯೆಲ್ಲ ನಕ್ಕಿತು. ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಎಲ್ಲ ಕಡೆಯೂ ಹಂಪ್ ಹಾಕಿಸಬೇಕು ಎಂದೆ.

“ಏರಲ್ಲಿ ಹಂಪ್ ಹಾಕಿದ್ರೆ ಲೋಡ್ ಜೀಪು ಹಿಂದಕ್ಕೆ ಬರ್ತದೆ. ಆಮೇಲೆ ಅಜ್ಜಿ ಅಲ್ಲ, ನೀನೇ ಅದರ ಅಡಿಗೆ ಸಿಕ್ತೀಯ,” ಎಂದರು ಜೀಪಿನ ಯಜಮಾನರು.

ಅದು ಒಪ್ಪಬೇಕಾದ ಮಾತಾಗಿತ್ತು, ಒಪ್ಪಿದೆ. ಅಜ್ಜಿ ದಾಟುವ ಸಮತಟ್ಟಿನ ರಸ್ತೆಗೆ ಮಾತ್ರ, ಕೂಡುವ ಜಾಗದ ಎರಡೂ ಬದಿಗೆ ಹಂಪ್ ಎಂದು ತೀರ್ಮಾನವಾಯಿತು. ಬೋರ್ಡಿನ ಮಾತು ಅಲ್ಲಿಗೇ ನಿಂತಿತು.

ಹಂಪ್ ಬಂದ ಮೇಲೆ ಗಾಡಿಗಳು ನಿಧಾನವಾದವು. ಹಾರ್ನ್ ಮಾತ್ರ ಕಡಿಮೆಯಾಗಲಿಲ್ಲ. ಈಗ ಹಂಪ್‌ಗೂ ಹಾರ್ನ್ ಹಾಕುತ್ತಿದ್ದರು. ಅಜ್ಜಿ ಅದು ಯಾವುದೂ ಕೇಳಿಸದೆ, ಹಾಲಿನ ತಂಬಿಗೆ ಹಿಡಿದು ತಮ್ಮ ಪಾಡಿಗೆ ದಾಟುತ್ತಿದ್ದರು.