ಬೆಳ್ಳಮ್ಮನಿಗೆ ಯಾವ ಕೆಲಸ ಬರುತ್ತೆ?

ಮಳವಳ್ಳಿಯ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಿದ್ದ ತಿರುನಾರಾಯಣ ಮೇಷ್ಟ್ರಿಗೆ ಪಿತ್ತ ನೆತ್ತಿಗೇರಲು ಹೆಚ್ಚು ಹೊತ್ತು ಬೇಕಿರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದ ತಮ್ಮ ಶಿಷ್ಯರು ಇಂಟರ್‌ವ್ಯೂಗೆ ಹೋಗಿ ಬರಿಗೈಯಲ್ಲಿ ವಾಪಸಾಗುವುದನ್ನು ನೋಡಿ ನೋಡಿ ರೋಸಿಹೋಗಿ, ಎಪ್ಪತ್ತನಾಲ್ಕನೇ ಇಸವಿಯ ಒಂದು ಶನಿವಾರ ಮಧ್ಯಾಹ್ನ, ಯಾರನ್ನೂ ಕೇಳದೆ, ಖಾಲಿ ತರಗತಿಯಲ್ಲಿ ಅವರನ್ನೆಲ್ಲ ಕೂಡಿಹಾಕಿ ಹೊಸ ಪಾಠ ಶುರುಮಾಡಿದರು. ಕೆಲಸ ಕೇಳುವುದು ಹೇಗೆ ಎಂಬ ಪಾಠ. ಹೆಡ್ಮಾಸ್ಟರು "ಇದು ಸಿಲಬಸ್ಸಿನಲ್ಲಿ ಎಲ್ಲಿದೆ ಸ್ವಾಮಿ?" ಎಂದರೆ, "ಇವರ ಹೊಟ್ಟೆಪಾಡಿನಲ್ಲಿದೆ" ಎಂದು ಬಾಗಿಲು ಹಾಕಿಕೊಂಡರು.

ಅಪ್ಪಣೆ ಕೇಳಿ ಒಳಗೆ ಬರುವುದು, ಕೂರಿ ಎಂದರೆ ಕುರ್ಚಿಯ ತುದಿಯಲ್ಲಿ ನೇತಾಡದೆ ನೆಟ್ಟಗೆ ಕೂರುವುದು, ಕಣ್ಣೆತ್ತಿ ಮಾತಾಡುವುದು, ಎಲ್ಲವನ್ನೂ ಶಿಷ್ಯರು ಕಲಿತರು. ಒಂದೇ ಪ್ರಶ್ನೆಗೆ ಇಡೀ ತರಗತಿ ಮುಗ್ಗರಿಸುತ್ತಿತ್ತು. "ನಿನಗೆ ಯಾವ ಕೆಲಸ ಚೆನ್ನಾಗಿ ಬರುತ್ತೆ?" ಎಂದರೆ ತಲೆ ತಗ್ಗಿಸಿ, "ಏನೂ ಬರಾಕಿಲ್ಲ ಸಾ." ಬರದೆ ಏನು! ತಮ್ಮದನ್ನು ತಾವೇ ಹೊಗಳಿದರೆ ದೃಷ್ಟಿಯಾಗುತ್ತದೆಂದು ನಂಬಿದ ಜನ. ಕುರಿಗೆ ಹೆಸರಾದ ಹತ್ತಿರದ ಬಂಡೂರಿನಲ್ಲಿ ಕೊಬ್ಬಿ ನಿಂತ ಕುರಿಯನ್ನು ಯಾರಾದರೂ ಮೆಚ್ಚಿದರೆ, "ಎಲ್ಲಿ ಬುಡಿ, ಮೇವೇ ಮುಟ್ಟಾಕಿಲ್ಲ" ಎನ್ನುತ್ತಾರೆ. ಮಕ್ಕಳ ವಿಷಯದಲ್ಲೂ ಅಷ್ಟೇ.

ಆ ಬಂಡೂರಿನವಳೇ ಬೆಳ್ಳಮ್ಮ. ಬಾಲವಾಡಿ ಟೀಚರ್ ಕೆಲಸಕ್ಕೆ ಎರಡು ಸಲ ಹೋಗಿ, ಎರಡು ಸಲವೂ ಏನೂ ಬರುವುದಿಲ್ಲವೆಂದು ಹೇಳಿ ಬಂದಿದ್ದಳು. ಅವಳ ಅಪ್ಪ ಹೊನ್ನಯ್ಯ ಶಾಲೆಗೇ ಬಂದು ಹೇಳಿದ: "ಇದೊಂದು ಕಿತ ನೋಡ್ತೀನಿ ಮೇಷ್ಟ್ರೇ. ಆಗ್ನಿಲ್ಲ ಅಂದ್ರೆ ಆಸಾಡ ಕಳೀತಿದ್ದಂಗೆ ಮದ್ವೆ. ಗಂಡಿನ ಕಡೆಯೋರು ಒಂಟಿ ಕಾಲಲ್ಲಿ ನಿಂತವ್ರೆ." ಬೆಳ್ಳಮ್ಮ ಬೇಡವೆನ್ನಲಿಲ್ಲ. ಮೇಷ್ಟ್ರ ಮುಖವನ್ನೇ ನೋಡಿದಳು. ಆ ನೋಟವನ್ನು ಅವರಿಗೆ ತಡೆಯಲಾಗಲಿಲ್ಲ.

ಮುಂದಿನ ಪಾಠದಲ್ಲಿ ಬೈದರು, ಸೀಮೆಸುಣ್ಣ ಎಸೆದರು. ಕಡೆಗೆ ಸೋತು, "ಹಾಳಾಗ್ಲಿ, ನಿನ್ನ ವಿಷಯ ಬೇಡ ಕಣೇ, ಪಕ್ಕದಲ್ಲಿ ಕೂತಿರೋಳ ವಿಷಯ ಹೇಳು" ಎಂದರು. ಅಷ್ಟೇ ಸಾಕಾಯಿತು. ಹುಡುಗ ಹುಡುಗಿಯರು ಒಬ್ಬರನ್ನೊಬ್ಬರು ಎಷ್ಟು ಹೊಗಳಿದರೆಂದರೆ ಮೇಷ್ಟ್ರೇ ಕಿವಿ ಮುಚ್ಚಿಕೊಂಡರು. ಆದರೆ ಇಂಟರ್‌ವ್ಯೂಗೆ ಪಕ್ಕದವಳನ್ನು ಕರೆದೊಯ್ಯುವ ಹಾಗಿಲ್ಲವಲ್ಲ.

ಇಂಟರ್‌ವ್ಯೂ ದಿನ ಮಂಡ್ಯದ ಕಚೇರಿಗೆ ಮೂವರೂ ಒಂದೇ ಬಸ್ಸಿನಲ್ಲಿ ಹೋದರು. ಬೆಳ್ಳಮ್ಮ ಒಳಗೆ ಹೋದಳು. ಅಪ್ಪ, ಮೇಷ್ಟ್ರು ಅರೆ ತೆರೆದ ಬಾಗಿಲ ಹೊರಗೆ ಬೆಂಚಿನ ಮೇಲೆ ಕುಳಿತರು. ಒಳಗಿನದೆಲ್ಲ ಕೇಳುತ್ತಿತ್ತು. ಆ ಪ್ರಶ್ನೆಯೂ ಬಂತು. ಮೇಷ್ಟ್ರ ಜೀವ ಬಾಯಿಗೆ ಬಂತು.

"ನಮ್ ಕ್ಲಾಸಲ್ಲಿ ಒಬ್ಳವ್ಳೆ ಸಾ" ಎಂದಿತು ಬೆಳ್ಳಮ್ಮನ ದನಿ. "ಅವ್ರವ್ವ ತೀರ್ಕೊಂಡಾಗ ಕಡೇ ಕೂಸಿಗಿನ್ನೂ ಹಲ್ಲು ಬಂದಿರ್ನಿಲ್ಲ. ಅವ್ಳೇ ಸಾಕುದ್ಲು, ಇನ್ನಿಬ್ರು ತಮ್ಮಂದಿರ್ನೂವೆ. ನಾಟಿ ಟೈಮಲ್ಲಿ ಬೀದಿ ಹೆಂಗಸ್ರೆಲ್ಲ ಮಕ್ಕಳ್ನ ಅವ್ಳ ಜಗುಲಿ ಮ್ಯಾಲೆ ಬುಟ್ಟೋಯ್ತಾರೆ. ಅಳೋ ಮಗೀನ ಸುಮ್ಕಿರ್ಸೋದು, ಜಗಳ ಬುಡ್ಸೋದು, ಕತೆ ಹೇಳಿ ಉಣ್ಸೋದು, ಎಲ್ಲಾ ಬತ್ತದೆ ಅವ್ಳಿಗೆ."

"ಯಾರಮ್ಮ ಅವಳು? ಅವಳನ್ನೇ ಕಳಿಸಬೇಕಿತ್ತು" ಎಂದರು ಅಧಿಕಾರಿ.

"ನಾನೇಯ ಸಾ."

ಒಳಗೆಲ್ಲ ನಗು. "ಕತೆ ಚೆನ್ನಾಗಿ ಕಟ್ತೀಯ. ಇದು ನಿಜ ಅಂತ ಯಾರು ಹೇಳ್ಬೇಕು?"

ಹೊನ್ನಯ್ಯ ದಡಕ್ಕನೆ ಎದ್ದ. ಮೇಷ್ಟ್ರು ಟವೆಲ್ ಹಿಡಿದು ಎಳೆದರೂ ಕೇಳದೆ ಬಾಗಿಲು ತಳ್ಳಿ ಒಳನುಗ್ಗಿದ.

"ನಾನ್ ಏಳ್ತೀನಿ ಸ್ವಾಮಿ. ಕತೆ ಅಲ್ಲ. ಎಡ್ತಿ ಸತ್ತ ದುಕ್ಕದಲ್ಲಿ ನಾನು ಕುಂತ್ಬುಟ್ಟಿದ್ದೆ, ಮಕ್ಕಳು ಉಂಡ್ವಾ ಅಂತಾನೂ ಕೇಳ್ನಿಲ್ಲ. ಅವು ಬದುಕವೆ ಅಂದ್ರೆ ಇವಳಿಂದ. ಇವತ್ಗಂಟ ನನ್ ಬಾಯಲ್ಲಿ ಈ ಮಾತು ಬಂದಿರ್ನಿಲ್ಲ."

"ಹೊರಗೆ ಕೂತ್ಕೊಳ್ಳಿ ಯಜಮಾನ್ರೇ" ಎಂದರು ಅಧಿಕಾರಿ. ದನಿಯಲ್ಲಿ ಗದರಿಕೆ ಇರಲಿಲ್ಲ. ಹೊರಗೆ, ಆ ಸಿಡುಕು ಮೇಷ್ಟ್ರು ಪಂಚೆಯ ಚುಂಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಕೆಲಸದ ಆರ್ಡರು ಕೈಸೇರಲು ತಿಂಗಳು ಹಿಡಿಯಿತು. ಅಂದು ಯಾರಿಗೂ ಏನೂ ಗೊತ್ತಾಗಲಿಲ್ಲ. ಆದರೆ ಊರಿಗೆ ಮರಳುವ ಬಸ್ಸಿನಲ್ಲಿ, ಹಿಂದಿನ ಸೀಟಿನಲ್ಲಿದ್ದ ಮೇಷ್ಟ್ರಿಗೆ ಹೊನ್ನಯ್ಯ ಮಗಳನ್ನು ಕೇಳುತ್ತಿದ್ದುದು ಚೆನ್ನಾಗಿ ಕೇಳಿಸಿತು: "ಗಂಡಿನ ಕಡೆಯೋರ್ಗೆ ಏನಂತ ಏಳಿ ಕಳ್ಸನವ್ವ? ನೀನೇ ಏಳು."