ಖಾಜಾಬಿ ಚಿಲಕ ತೆಗೆದ ಮಧ್ಯಾಹ್ನ

ದೆವ್ವ, ಗಾಳಿ, ಶಕುನ ಎಂದರೆ ನನಗೆ ನಗು ಬರುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನರ್ಸ್ ಕೆಲಸ ಮಾಡಿದವಳು ನಾನು. ಹೆಣ ತೊಳೆದು ಬಂದು ಹೊಟ್ಟೆ ತುಂಬ ಉಂಡು ಮಲಗಿದವಳು. ಯಾರಾದರೂ ಅಂಥ ಕಥೆ ತೆಗೆದರೆ, “ಸಾಕ್ ಸುಮ್ನಿರ್ರಿ, ನನ್ನ ಕಿವ್ಯಾಗ ಹೂವಿಡಬ್ಯಾಡ್ರಿ” ಎನ್ನುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನಗುವವರು ನಗಲಿ.

ತೊಂಬತ್ತರ ದಶಕದ ಮೊದಲ ವರ್ಷಗಳು. ಲಿಂಗಸುಗೂರಿನ ನಾನು ಮದುವೆಯಾಗಿ ಸಿಂಧನೂರಿಗೆ ಬಂದು ಒಂದು ಸಣ್ಣ ದವಾಖಾನೆಯಲ್ಲಿ ಕೆಲಸಕ್ಕಿದ್ದೆ. ಹಾಸಿಗೆ ಹಿಡಿದವರ ಮನೆಗೇ ಹೋಗಿ ಹುಣ್ಣು ತೊಳೆದು ಪಟ್ಟಿ ಕಟ್ಟುವುದೂ ನನ್ನ ಪಾಲಿಗಿತ್ತು. ಹಾಗೆ ಹೋಗುತ್ತಿದ್ದ ಮನೆಗಳಲ್ಲಿ ಕಾಲುವೆ ಕಡೆಯ ಓಣಿಯ ದುರುಗಮ್ಮನದೂ ಒಂದು. ನಲವತ್ತರ ಆಸುಪಾಸಿನ ಹೆಂಗಸು. ಕೆಲವು ವರ್ಷಗಳ ಹಿಂದೆ ಲಕ್ವಾ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಮಾತು ನಿಂತು, ಬಾಯಿಂದ “ಆಂ… ಆಂ…” ಎಂಬುದೊಂದೇ ಬರುತ್ತಿತ್ತು. ಆಕೆಯ ತಮ್ಮ, ತಮ್ಮನ ಹೆಂಡತಿ ಇಬ್ಬರೂ ರೈಸ್‌ಮಿಲ್ಲಿಗೆ ದುಡಿಯಲು ಹೋಗುವವರು. ಕೆಟ್ಟವರಲ್ಲ, ಪಾಪ. ಬೆಳಿಗ್ಗೆ ಉಣ್ಣಿಸಿ, ಒರೆಸಿ, ತಲೆದೆಸೆಗೆ ನೀರಿಟ್ಟು, ಹೊರಗಿನಿಂದ ಚಿಲಕ ಹಾಕಿ ಹೋಗುತ್ತಿದ್ದರು.

ಚಿಲಕಕ್ಕೆ ಕಾರಣವಿತ್ತು. ಒಮ್ಮೆ ದುರುಗಮ್ಮ ಎಡಗೈ ಊರಿ ತೆವಳುತ್ತ ಕಾಲುವೆ ದಂಡೆಯವರೆಗೂ ಹೋಗಿಬಿಟ್ಟಿದ್ದಳಂತೆ. ಅಂದಿನಿಂದ ಇಡೀ ಓಣಿಗೇ ಹೇಳಿಟ್ಟಿದ್ದರು, ಚಿಲಕ ತೆಗೆದದ್ದು ಕಂಡರೆ ಹಾಕಿಬಿಡಿ ಎಂದು. ಓಣಿಯವರು ಇದನ್ನು ಮನಸ್ಸಿಟ್ಟು ಮಾಡುತ್ತಿದ್ದರು. ನೀರಿಗೆ ಹೋಗುವಾಗ ಬಾಗಿಲ ಕಡೆ ಒಮ್ಮೆ ನೋಡುವುದು, ಚಿಲಕ ಸರಿಸುವುದು, ಮುಂದೆ ನಡೆಯುವುದು. ಆಕೆಯ ಆರೈಕೆಯಲ್ಲಿ ಓಣಿಯ ಪಾಲು ಅಷ್ಟೇ. ನಾನು ಒಳಗಿದ್ದೇನೆ ಎಂಬುದಕ್ಕೆ ಹೊಸ್ತಿಲ ಹೊರಗೆ ನನ್ನ ಚಪ್ಪಲಿಗಳೇ ಗುರುತು.

ದುರುಗಮ್ಮನ ಮುಂದೆ ನಾನು ಬಾಯಿಬಡುಕಿ. ಪಟ್ಟಿ ಕಟ್ಟುತ್ತ ಊರ ಸುದ್ದಿಯೆಲ್ಲ ಒದರುತ್ತಿದ್ದೆ. ಒಂದು ದಿನ, ಯಾರಿಗೂ ಹೇಳದ ಸುದ್ದಿಯನ್ನು ಆಕೆಯ ಕಿವಿಯಲ್ಲಿ ಹೇಳಿದೆ: ನಾನು ಬಸುರಿ. ಅದಕ್ಕೂ ಮುಂಚೆ ಎರಡು ಸಲ ಬಸಿರು ನಿಂತು, ಇಳಿದುಹೋಗಿತ್ತು. ಹಾಗಾಗಿ ಈ ಸಲ ಗಂಡನಿಗೂ ಹೇಳಿರಲಿಲ್ಲ, ಹೆತ್ತ ತಾಯಿಗೂ ಹೇಳಿರಲಿಲ್ಲ. ದುರುಗಮ್ಮ ಎಡಗೈ ಎತ್ತಿ ನನ್ನ ಹೊಟ್ಟೆ ಮುಟ್ಟಿದಳು. ನನಗೆ ಅಳು ಬಂದಿತ್ತು.

ಅದಾದ ಕೆಲವೇ ದಿನಗಳಿಗೆ ಇದು ನಡೆದದ್ದು. ಸುಡುಸುಡು ಬೇಸಿಗೆಯ ಮಧ್ಯಾಹ್ನ. ಬಿಸಿಲಿಗೆ ಬಿಟ್ಟರೆ ಆಮೇಲೆ ಕಾಲು ಸುಡುತ್ತದೆ ಎಂದು ಚಪ್ಪಲಿ ಒಳಗೇ ತಂದಿಟ್ಟಿದ್ದೆ. ಪಟ್ಟಿ ಕಟ್ಟಿ ಮುಗಿಸಿ ಬಾಗಿಲು ಎಳೆದರೆ ಬರಲಿಲ್ಲ. ಯಾರೋ ಚಿಲಕ ಹಾಕಿ ಹೋಗಿದ್ದರು. ಮೊದಲು ನಕ್ಕೆ. ಬಡಿದೆ. ಕೂಗಿದೆ. ಕಿಟಕಿಯಿಲ್ಲದ ಕೋಣೆ, ಮೇಲೆ ಕಾದ ತಗಡು. ಹೊರಗೆ ಹೆಜ್ಜೆ ಸಪ್ಪಳ ಕೇಳಿ ಜೀವ ಬಂತು, ಇನ್ನಷ್ಟು ಜೋರಾಗಿ ಚೀರಿದೆ. ಆಗ ಒಂದು ಹೆಣ್ಣು ದನಿ, “ದುರುಗವ್ವ ಇವತ್ತ ಭಾಳ ಒದರಾಕತ್ತಾಳ ನೋಡು” ಎಂದಿತು. ಹೆಜ್ಜೆಗಳು ದೂರವಾದವು.

ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ. ಆ ಬಾಗಿಲ ಹಿಂದಿನಿಂದ ಯಾರು ಏನು ಕೂಗಿದರೂ ಅದು ದುರುಗಮ್ಮನ ಒದರಾಟವೇ. ಇದ್ದ ನೀರು ಆಕೆಗೆ ಕುಡಿಸಿ ನಾನೂ ಕುಡಿದು ಮುಗಿದಿತ್ತು. ಮೈಯೆಲ್ಲ ಬೆವರು, ಕಣ್ಣಿಗೆ ಕತ್ತಲೆ. ಕಿಬ್ಬೊಟ್ಟೆಯಲ್ಲಿ ನೋವು ಶುರುವಾಯಿತು. ಆ ನೋವು ನನಗೆ ಗೊತ್ತಿದ್ದದ್ದೇ. ಅಯ್ಯೋ, ಇದೂ ಹೋಯಿತು ಎಂದು ಮಂಚದ ಪಕ್ಕ ಕುಸಿದೆ. ದುರುಗಮ್ಮ ನನ್ನ ಸೆರಗು ಬಿಗಿಯಾಗಿ ಹಿಡಿದಿದ್ದಳು. ಬಾಯಿಂದ ಒಂದು ಸದ್ದೂ ಇಲ್ಲ. ಕಣ್ಣು ಮಾತ್ರ ಬಾಗಿಲ ಮೇಲೆ.

ಸ್ವಲ್ಪ ಹೊತ್ತಿಗೆ ಚಿಲಕ ಸರಿಯಿತು. ಬಂದವಳು ಖಾಜಾಬಿ, ಓಣಿಯ ತಿರುವಿನಾಚೆ ಹಳೇ ಬಟ್ಟೆ ಜೋಡಿಸಿ ಕೌದಿ ಹೊಲೆಯುವ ಹೆಂಗಸು. ಕೈಯಲ್ಲಿ ದಾರ ಪೋಣಿಸಿದ ಸೂಜಿ ಹಾಗೇ ಇತ್ತು.

“ಬಸುರಿ ಹೆಣ್ಮಗಳು, ಈ ಝಳದಾಗ ಹಿಂಗ ಕುಂದ್ರತಾರೇನ್ರಿ ನರ್ಸಮ್ಮ? ಏಳ್ರಿ, ಏಳ್ರಿ.”

“ನಿನಗ್ಯಾರು ಹೇಳಿದ್ರು?” ಎಂದೆ.

“ದುರುಗವ್ವ ಬಂದಿದ್ಲಲ್ಲರೀ. ನಮ್ಮ ಮನಿ ಹೊಸ್ತಿಲದಾಗ ನಿಂತು, ‘ಖಾಜಾಬಿ, ನರ್ಸಮ್ಮ ಬಸುರಿ ಅದಾಳ, ಚಿಲಕ ತಗಿ’ ಅಂದ್ಲು. ಕೆಲಸದ ಗುಂಗಿನ್ಯಾಗ ಹಂಗs ಎದ್ದು ಬಂದೆ…”

ಅಷ್ಟರಲ್ಲಿ ಆಕೆಯ ಕಣ್ಣು ಮಂಚದ ಮೇಲೆ ಬಿತ್ತು. “ಯಾ ಅಲ್ಲಾ” ಎಂದು ಅಲ್ಲೇ ಕೂತುಬಿಟ್ಟಳು. ದುರುಗಮ್ಮ ಇನ್ನೂ ನನ್ನ ಸೆರಗು ಬಿಟ್ಟಿರಲಿಲ್ಲ.

ನೋವು ಇಳಿಯಿತು. ಮಗು ಉಳಿಯಿತು, ಅವಳೀಗ ನನಗೇ ಬುದ್ಧಿ ಹೇಳುವಷ್ಟು ದೊಡ್ಡವಳು. ಖಾಜಾಬಿಗೆ ತೂಕಡಿಕೆಯಲ್ಲಿ ಕನಸು ಬಿದ್ದಿರಬಹುದು ಎಂದುಕೊಳ್ಳುತ್ತೇನೆ. ಆದರೆ ಬಸುರಿಯ ಮಾತು ಆ ಕನಸಿಗೆ ಎಲ್ಲಿಂದ ಬಂತು? ಕೂಗುವಾಗ ನಾನದನ್ನು ಹೇಳಿರಲಿಲ್ಲ. ಹೇಳಿದ್ದರೂ ತಿರುವು ದಾಟಿ ಅಲ್ಲಿಗೆ ಕೇಳುವಂತಿರಲಿಲ್ಲ. ಎಷ್ಟು ಗುಣಾಕಾರ ಹಾಕಿದರೂ ನನಗಿದು ಬಗೆಹರಿದಿಲ್ಲ.

ಮುಂದಿನ ಸಲ ಹೋದಾಗ ಬಾಗಿಲು ತೆರೆದೇ ಇತ್ತು. ಖಾಜಾಬಿ ಮಂಚದ ಪಕ್ಕದಲ್ಲೇ ಕೌದಿ ಹರವಿಕೊಂಡು ಹೊಲೆಯುತ್ತಿದ್ದಳು. ತಲೆಯೆತ್ತದೆ ಕೇಳಿದಳು: “ನಿಮ್ಮ ಸಲುವಾಗಿ ಬಂದು ಕರದ್ಲು. ಇಷ್ಟು ವರ್ಷ ತನ್ನ ಸಲುವಾಗಿ ಯಾಕ ಕರೀಲಿಲ್ಲರೀ?”

ಮಂಚದ ಮೇಲಿಂದ “ಆಂ… ಆಂ…” ಎಂದು ಕೇಳಿಸಿತು, ದಿನವೂ ಕೇಳಿಸುತ್ತಿದ್ದ ಹಾಗೆಯೇ. ಖಾಜಾಬಿಯ ಕೈ ನಿಂತಿತು. ನನ್ನ ಮುಖ ನೋಡಿದಳು. ಆಮೇಲೆ ಸೂಜಿಯನ್ನು ಕೌದಿಗೆ ಚುಚ್ಚಿಟ್ಟು, ದುರುಗಮ್ಮನ ಕಡೆ ಬಾಗಿ ಕೇಳಿದಳು: “ಏನ್ ಬೇಕವ್ವಾ?”